ಶರತ್ಕಾಲದ ತೋರಣಕ್ಕೆ ಹೆಣೆದ ಎಲೆ, ಓಕ್ ಕಾಯಿ, ಕುಂಬಳ: ಯಾವ ಆಕಾರ, ಯಾವ ನೂಲು, ಯಾವ ಬಣ್ಣ?

ಉಣ್ಣೆಯುಂಡೆ (ಮ್ಯಾಸಚೂಸೆಟ್ಸ್)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಮುಂಬಾಗಿಲಿನ ಪಕ್ಕದ ಕಿಟಕಿಗೆ ಕಟ್ಟಲು ಹೆಣೆದ ಎಲೆಗಳ ತೋರಣವೊಂದನ್ನು ಮಾಡಬೇಕೆಂದಿದ್ದೇನೆ. ಹಬ್ಬಕ್ಕೆ ಮಾವಿನೆಲೆ ಕಟ್ಟುವ ಮನೆಯಲ್ಲಿ ಬೆಳೆದವರಿಗೆ ಬಾಗಿಲ ಮೇಲೆ ಎಲೆ ಇಲ್ಲದಿದ್ದರೆ ಏನೋ ಕಡಿಮೆಯಾದಂತೆ ಅನ್ನಿಸುತ್ತದೆ. ಇಲ್ಲಿ ಮಾವಿಲ್ಲ, ಆದರೆ ಹೊರಗೆ ಕಾಲಿಟ್ಟರೆ ಮೇಪಲ್, ಓಕ್, ಬರ್ಚ್ ಎಲೆಗಳು ಪಾದ ಮುಚ್ಚುವಷ್ಟು ಬಿದ್ದಿರುತ್ತವೆ. ತೋರಣದ ಜೊತೆಗೆ ಮೇಜಿನ ಮೇಲಿನ ಬಟ್ಟಲಿಗೆ ನಾಲ್ಕಾರು ಓಕ್ ಕಾಯಿಗಳನ್ನೂ ಒಂದೆರಡು ಕುಂಬಳಕಾಯಿಗಳನ್ನೂ ಹೆಣೆಯುವ ಆಸೆಯಿದೆ.

ನನ್ನ ತೊಡಕುಗಳು ಎರಡು. ಸ್ಟಾಕಿನೆಟ್‌ನಲ್ಲಿ (ಒಂದು ಸಾಲು ನಿಟ್, ಒಂದು ಸಾಲು ಪರ್ಲ್) ಹೆಣೆದ ಎಲೆ ಕಡ್ಡಿಯಿಂದ ಇಳಿದ ಕೂಡಲೇ ಸುರುಳಿಕೊಳ್ಳುತ್ತದೆ. ಇನ್ನೊಂದು, ಅಂಗಡಿಯಲ್ಲಿ ಶರತ್ಕಾಲದ ಬಣ್ಣಗಳೆಂದು ಮಾರುವ ಕಿತ್ತಳೆ, ಕೆಂಪು, ಹಳದಿ ಅಕ್ರಿಲಿಕ್ ನೂಲಿನಲ್ಲಿ ಎಷ್ಟು ಚೆನ್ನಾಗಿ ಹೆಣೆದರೂ ಎಲೆಗಳು ಮಕ್ಕಳ ಹುಟ್ಟುಹಬ್ಬದ ಅಲಂಕಾರದಂತೆ ಕಾಣುತ್ತವೆಯೇ ಹೊರತು ಮರದಿಂದ ಬಿದ್ದದ್ದೆಂದು ಅನ್ನಿಸುವುದಿಲ್ಲ. ನಿಟ್ (ನೇರ ಕುಣಿಕೆ) ಮತ್ತು ಪರ್ಲ್ (ಮಗುಚಿದ ಕುಣಿಕೆ) ಎರಡೂ ಚೆನ್ನಾಗಿ ಬರುತ್ತವೆ, ಸುತ್ತು ಹೆಣಿಗೆಯೂ ಗೊತ್ತು. ಬಲ್ಲವರು ದಾರಿ ತೋರಿಸಬೇಕು.

ಕಡ್ಡಿಮಾತು (ಎಡಿನ್‌ಬರೊ)

ಆಕಾರದ ಪ್ರಶ್ನೆಯಿಂದಲೇ ಪ್ರಾರಂಭಿಸೋಣ, ಏಕೆಂದರೆ ಬಹುತೇಕರು ಮೊದಲ ಎಲೆಯಾಗಿ ಮೇಪಲ್ ಅನ್ನು ಆರಿಸಿಕೊಂಡು ಅಲ್ಲಿಯೇ ಕೈಚೆಲ್ಲುತ್ತಾರೆ. ನಡುವೆ ಒಂದು ನರ, ಅದರ ಎರಡೂ ಕಡೆ ಸಮನಾಗಿ ಹಿಗ್ಗಿ ಮತ್ತೆ ಸಮನಾಗಿ ಕುಗ್ಗುವ ಎಲೆಯನ್ನು ಹೆಣಿಗೆ ತಾನಾಗಿ ಕೊಡುತ್ತದೆ. ಬೀಚ್, ಬರ್ಚ್, ಚೆರ್ರಿ ಮರಗಳ ಎಲೆಗಳು ಈ ಜಾತಿಗೆ ಸೇರಿದವು. ನನ್ನ ಮಟ್ಟಿಗೆ ಬೀಚ್ ಎಲೆಯೇ ಶರತ್ಕಾಲದ ಹೆಣಿಗೆಗೆ ಅತ್ಯುತ್ತಮ. ಆಕಾರ ಸರಳವಾಗಿದೆ, ಬಣ್ಣ ತಾಮ್ರದಿಂದ ಕಂದಿಗೆ ಇಳಿಯುತ್ತದೆ, ಮತ್ತು ಇಲ್ಲಿನ ಬೀಚ್ ಬೇಲಿಗಳು ಒಣಗಿದ ಎಲೆಯನ್ನು ಉದುರಿಸದೆ ಚಳಿಗಾಲದುದ್ದಕ್ಕೂ ಹಿಡಿದುಕೊಂಡಿರುವುದರಿಂದ ತೋರಣ ತಡವಾಗಿ ಮುಗಿದರೂ ಕಾಲ ಮೀರಿತೆಂದು ಯಾರೂ ಹೇಳಲಾರರು.

ಡಬಲ್ ನಿಟ್ ಎಂಬ ಮಧ್ಯಮ ದಪ್ಪದ ಉಣ್ಣೆಯನ್ನೂ 3.25 ಮಿಲಿಮೀಟರಿನ ಎರಡು ತುದಿಯ ಕಡ್ಡಿಗಳನ್ನೂ ತೆಗೆದುಕೊಳ್ಳಿ. ಮೊದಲು 3 ಕುಣಿಕೆ ಹಾಕಿ, ಪ್ರತಿ ಸಾಲಿನ ಕೊನೆಯಲ್ಲಿ ಕಡ್ಡಿಯನ್ನು ತಿರುಗಿಸದೆ ಕುಣಿಕೆಗಳನ್ನು ಇನ್ನೊಂದು ತುದಿಗೆ ಜಾರಿಸಿ, ನೂಲನ್ನು ಹಿಂದಿನಿಂದ ಎಳೆದು ಮತ್ತೆ ಹೆಣೆದರೆ ದುಂಡನೆಯ ಹುರಿಯೊಂದು ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಐ-ಕಾರ್ಡ್ ಎಂಬ ಹೆಸರಿನಲ್ಲಿ ಮನೆಮಾತಾಗಿಸಿದ ಹುರಿ ಇದೇ. ಎರಡು ಸೆಂಟಿಮೀಟರ್ ಉದ್ದವಾದರೆ ತೊಟ್ಟು ಸಿದ್ಧವಾಯಿತು. ಇನ್ನು ಎಲೆಯ ಒಡಲು: ಒಂದು ನಿಟ್, ಕಡ್ಡಿಯ ಮೇಲೆ ನೂಲಿನ ಒಂದು ಸುತ್ತು, ಒಂದು ನಿಟ್, ಮತ್ತೊಂದು ಸುತ್ತು, ಒಂದು ನಿಟ್ ಹೆಣೆದರೆ 5 ಕುಣಿಕೆಗಳಾಗುತ್ತವೆ. ಹಿಂಬದಿಯ ಸಾಲನ್ನು ಹೆಚ್ಚಿಸದೆ ಮುಗಿಸಿ, ಮುಂಬದಿಗೆ ಬಂದಾಗಲೆಲ್ಲ ನಡುವಿನ ಕುಣಿಕೆಯ ಎರಡೂ ಪಕ್ಕದಲ್ಲಿ ಒಂದೊಂದು ಸುತ್ತು ಹಾಕುತ್ತ 7, 9, 11ಕ್ಕೆ ಏರಿಸಿ. ಆಮೇಲೆ ಇಳಿಕೆ. ಮುಂಬದಿಯ ಪ್ರತಿ ಸಾಲಿನ ಆರಂಭದಲ್ಲಿ ಎರಡು ಕುಣಿಕೆಗಳನ್ನು ಒಂದೊಂದಾಗಿ ಜಾರಿಸಿ ಹಿಂದಿನಿಂದ ಒಟ್ಟಿಗೆ ಹೆಣೆಯಿರಿ, ಕೊನೆಯಲ್ಲಿ ಎರಡನ್ನು ನೇರವಾಗಿ ಒಂದಾಗಿ ಹೆಣೆಯಿರಿ. ಮೊದಲನೆಯದು ಎಡಕ್ಕೂ ಎರಡನೆಯದು ಬಲಕ್ಕೂ ವಾಲುವುದರಿಂದ ಎರಡೂ ಅಂಚುಗಳು ನಡುನರದ ಕಡೆಗೆ ಬಾಗಿ ತುದಿ ಚೂಪಾಗುತ್ತದೆ. ಹೀಗೆ 9, 7, 5, 3 ಆದ ಮೇಲೆ ಮೊದಲ ಕುಣಿಕೆಯನ್ನು ಜಾರಿಸಿ, ಉಳಿದೆರಡನ್ನು ಒಂದಾಗಿ ಹೆಣೆದು, ಜಾರಿಸಿದ್ದನ್ನು ಅದರ ಮೇಲಿಂದ ದಾಟಿಸಿ ನೂಲನ್ನು ಎಳೆದುಕೊಳ್ಳಿ. ಎಲೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದ ಬರುತ್ತದೆ.

ಸುರುಳಿಯ ವಿಚಾರ. ಸ್ಟಾಕಿನೆಟ್‌ನ ಪಕ್ಕದಂಚುಗಳು ಹಿಂಬದಿಗೂ ಮೇಲಂಚು ಕೆಳಂಚುಗಳು ಮುಂಬದಿಗೂ ಸುತ್ತಿಕೊಳ್ಳುವುದು ಆ ಹೆಣಿಗೆಯ ಹುಟ್ಟುಗುಣ, ನಿಮ್ಮ ಕೈಬಿಗಿಯದಲ್ಲ. ಹಿಂಬದಿಯ ಸಾಲುಗಳಲ್ಲಿ ಎಲ್ಲವನ್ನೂ ಪರ್ಲ್ ಮಾಡುವ ಬದಲು ನಡುವಿನ ಒಂದೇ ಕುಣಿಕೆಯನ್ನು ಪರ್ಲ್ ಮಾಡಿ ಉಳಿದವನ್ನು ನಿಟ್ ಮಾಡಿದರೆ ಎಲೆಯ ಒಡಲು ಗಾರ್ಟರ್ ಹೆಣಿಗೆಯಾಗಿ ಚಪ್ಪಟೆಯಾಗಿ ಕೂರುತ್ತದೆ, ನಡುನರ ಮಾತ್ರ ನಯವಾದ ಗೆರೆಯಾಗಿ ಉಬ್ಬಿ ನಿಲ್ಲುತ್ತದೆ. ಗಾರ್ಟರಿನ ಅಡ್ಡ ಏಣುಗಳು ಪಕ್ಕದ ನರಗಳಂತೆ ತೋರುವುದು ಕೇಳದೆ ಬಂದ ಲಾಭ. ಸ್ಟಾಕಿನೆಟ್ಟೇ ಬೇಕೆನ್ನುವುದಾದರೆ ಉಣ್ಣೆಯ ಎಲೆಯನ್ನು ನೆನೆಸಿ, ಗುಂಡುಸೂಜಿಯಿಂದ ಹರಡಿ ಒಣಗಿಸಬೇಕು. ಅಕ್ರಿಲಿಕ್ ಈ ಉಪಾಯಕ್ಕೆ ಬಗ್ಗುವುದಿಲ್ಲ. ಅದಕ್ಕೆ ಇಸ್ತ್ರಿಪೆಟ್ಟಿಗೆಯನ್ನು ತಾಗಿಸದೆ ಮೇಲಿನಿಂದ ಹಬೆ ಹಾಯಿಸಬೇಕು. ಆದರೆ ಎಲ್ಲ ಎಲೆಗಳನ್ನೂ ಚಪ್ಪಟೆ ಮಾಡುವ ಹಟವನ್ನು ನಾನು ಒಪ್ಪುವುದಿಲ್ಲ. ನೆಲದ ಮೇಲೆ ಬಿದ್ದ ಎಲೆಯೂ ಒಣಗುತ್ತ ಮುದುಡುತ್ತದೆಯಾದ್ದರಿಂದ ತೋರಣದಲ್ಲಿ ಅಲ್ಲೊಂದು ಇಲ್ಲೊಂದು ಸ್ಟಾಕಿನೆಟ್ ಎಲೆಯನ್ನು ಅದರ ಪಾಡಿಗೆ ಮುದುಡಲು ಬಿಡುವುದೇ ಚೆನ್ನ.

ಸಂಜೆಹೆಣಿಗೆ (ಧಾರವಾಡ)

ನೂಲು ಸುತ್ತಿದ ಕಡೆಯಲ್ಲೆಲ್ಲ ತೂತು ಬೀಳುತ್ತದಲ್ಲ, ಹುಳ ತಿಂದ ಎಲೆಯಂತೆ ಕಾಣುವುದಿಲ್ಲವೇ?

ಕಡ್ಡಿಮಾತು (ಎಡಿನ್‌ಬರೊ)

ತೂತುಗಳು ನಡುನರದ ಎರಡೂ ಬದಿಗೆ ಒಂದೇ ಓರಣದಲ್ಲಿ ಬರುವುದರಿಂದ, ಅದರಲ್ಲೂ ಕಿಟಕಿಯ ಬೆಳಕು ಹಿಂದಿನಿಂದ ಬೀಳುವಾಗ, ನರಜಾಲದಂತೆಯೇ ಕಾಣುತ್ತವೆ. ಬೇಡವೆನ್ನುವವರು ಸುತ್ತು ಹಾಕುವ ಬದಲು ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎತ್ತಿ, ಅದನ್ನು ತಿರುಚಿ ಹೆಣೆದರೆ ಸಂದು ಮುಚ್ಚುತ್ತದೆ. ಮೇಜಿನ ಮೇಲಿಡುವ ಎಲೆಗೆ ಮುಚ್ಚಿದ್ದು, ಕಿಟಕಿಯ ಎಲೆಗೆ ತೆರೆದದ್ದು ಎಂಬುದು ನನ್ನ ರೂಢಿ. ಹುಳ ತಿಂದ ಎಲೆಯಂತೆ ಕಂಡರೂ ನನಗೇನೂ ಬೇಸರವಿಲ್ಲ ಎನ್ನಿ.

ಬಣ್ಣದ ಬಾಣಲೆ (ವರ್ಮಾಂಟ್)

ಬಣ್ಣದ ತೊಡಕಿಗೆ ಉತ್ತರ ಅಂಗಡಿಯ ಕಪಾಟಿನಲ್ಲಿಲ್ಲ, ಮರದಲ್ಲೇ ಇದೆ. ಬೇಸಿಗೆಯುದ್ದಕ್ಕೂ ಎಲೆಯಲ್ಲಿ ಹಸಿರಿನ ಜೊತೆಗೆ ಹಳದಿ ಮತ್ತು ಕಿತ್ತಳೆಯ ಕ್ಯಾರೊಟಿನಾಯ್ಡ್‌ಗಳೂ ಇರುತ್ತವೆ. ಹಗಲು ಮೊಟಕಾಗಿ ಹರಿತ್ತು ಕರಗಿದಾಗ ಅವು ಹೊರಗೆ ಕಾಣುತ್ತವೆ. ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಆ ಬಣ್ಣ ಬಹುಮಟ್ಟಿಗೆ ಶರತ್ಕಾಲದಲ್ಲೇ ಹೊಸದಾಗಿ ತಯಾರಾಗುತ್ತದೆ, ಮತ್ತು ಬಿಸಿಲಿನ ಹಗಲೂ ಹೆಪ್ಪುಗಟ್ಟದಷ್ಟು ತಣ್ಣನೆಯ ರಾತ್ರಿಯೂ ಕೂಡಿ ಬಂದ ವರ್ಷ ಅದು ಗಾಢವಾಗುತ್ತದೆ. ಬಿಸಿಲು ಹೆಚ್ಚು ತಾಗುವ ಹೊರಕೊಂಬೆಗಳು ಮೊದಲು ಕೆಂಪೇರುವುದರಿಂದ ಇಲ್ಲಿನ ಒಂದೇ ಸಕ್ಕರೆ ಮೇಪಲ್ ಮರದಲ್ಲಿ, ಒಂದೇ ದಿನ, ಹಸಿರು, ಹಳದಿ, ಕಿತ್ತಳೆ, ಕೆಂಪು ನಾಲ್ಕೂ ಸಿಗುತ್ತವೆ. ಓಕ್ ಮರಗಳು ಕೊನೆಗೆ ಬಣ್ಣ ತಿರುಗಿ ನವೆಂಬರ್‌ವರೆಗೂ ಇಟ್ಟಿಗೆಗಂದಿನಲ್ಲಿ ನಿಂತಿರುತ್ತವೆ. ಅಂಗಡಿಯ ಶರತ್ಕಾಲದ ನೂಲಿನಲ್ಲಿ ಕೆಂಪು ಮತ್ತು ಕಿತ್ತಳೆಗಳಿವೆ, ಅವುಗಳ ನಡುವಿನ ಹಸಿರುಮಿಶ್ರಿತ ಹಳದಿಯೂ ಕೊನೆಯ ಕಂದೂ ಇಲ್ಲ. ನಿಮ್ಮ ಎಲೆಗಳು ಕೃತಕವೆನಿಸುವುದು ಇದರಿಂದ. ತೋರಣದ ಅರ್ಧದಷ್ಟಾದರೂ ಎಲೆಗಳು ಕಂದಿನ ಕಡೆಗಿರಲಿ, ಉಜ್ವಲವಾದ ಕೆಂಪು ಎರಡು ಮೂರರಲ್ಲಿ ಸಾಕು.

ನಾನು ಬಿಳಿ ಉಣ್ಣೆಯನ್ನು ಮನೆಯಲ್ಲೇ ಬಣ್ಣಗಟ್ಟುತ್ತೇನೆ. 100 ಗ್ರಾಂ ಉಣ್ಣೆಗೆ 10ರಿಂದ 12 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಉಣ್ಣೆಯನ್ನು ಅದರಲ್ಲಿ ಒಂದು ಗಂಟೆ ಕುದಿಯುವ ಮಟ್ಟಕ್ಕಿಂತ ಕೆಳಗಿನ ಬಿಸಿಯಲ್ಲಿಟ್ಟು ಅಲ್ಲೇ ತಣಿಯಲು ಬಿಡಬೇಕು. ಬಳಿಕ ಈರುಳ್ಳಿಯ ಒಣ ಸಿಪ್ಪೆಯನ್ನು ಉಣ್ಣೆಯ ತೂಕದಷ್ಟೇ ತೆಗೆದುಕೊಂಡು ಕುದಿಸಿ ಸೋಸಿದ ನೀರಿನಲ್ಲಿ ಅದ್ದಿದರೆ ಬಂಗಾರದಿಂದ ತುಕ್ಕುಗಿತ್ತಳೆಯವರೆಗಿನ ಬಣ್ಣ ಏರುತ್ತದೆ. ಮುಖ್ಯವಾದ ಮಾತು ಇದು: ಮೊದಲ ಲಡಿಯನ್ನು ತೆಗೆದ ಮೇಲೆ ಅದೇ ನೀರಿಗೆ ಎರಡನೆಯದನ್ನು, ಆಮೇಲೆ ಮೂರನೆಯದನ್ನು ಇಳಿಸಿರಿ. ಒಂದೇ ಪಾತ್ರೆಯಿಂದ ಒಂದೇ ಕುಲದ ಮೂರು ಛಾಯೆಗಳು ಇಳಿಕೆಯ ಕ್ರಮದಲ್ಲಿ ಸಿಗುತ್ತವೆ, ಮತ್ತು ಅವುಗಳಲ್ಲಿ ಹೆಣೆದ ಎಲೆಗಳು ಒಂದೇ ಮರದವೆಂದು ನೋಡುವವರ ಕಣ್ಣು ತಾನೇ ಒಪ್ಪುತ್ತದೆ. ಮೂರನೆಯ ಲಡಿಯ ಒಂದು ಭಾಗವನ್ನು ಚಿಟಿಕೆಯಷ್ಟು ಕಬ್ಬಿಣದ ಸಲ್ಫೇಟು ಕರಗಿಸಿದ ನೀರಿಗೆ ಅದ್ದಿದರೆ ಬಂಗಾರ ಮಂಕಾಗಿ ಆಲಿವ್ ಹಸಿರಿಗೆ ತಿರುಗುತ್ತದೆ, ನಾನು ಮೇಲೆ ಹೇಳಿದ ಕಾಣೆಯಾದ ಬಣ್ಣ ಅದೇ. ಕಂದಿಗೆ ಅಕ್ಟೋಬರಿನಲ್ಲಿ ಉದುರುವ ಕಪ್ಪು ವಾಲ್‌ನಟ್ ಕಾಯಿಗಳ ಹೊರಸಿಪ್ಪೆಯುಂಟು. ಅದಕ್ಕೆ ಪಟಿಕವೂ ಬೇಡ. ಕೈಗವಸು ಮಾತ್ರ ಬೇಕೇ ಬೇಕು, ಏಕೆಂದರೆ ಅದು ಉಣ್ಣೆಗೆ ಹತ್ತುವಷ್ಟೇ ಚೆನ್ನಾಗಿ ಚರ್ಮಕ್ಕೂ ಹತ್ತುತ್ತದೆ. ಮಂಜಿಷ್ಠದ ಬೇರು ಇಟ್ಟಿಗೆಗೆಂಪು ಕೊಡುತ್ತದೆ, ಆದರೆ ನೀರಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಂಪು ಕಂದಿಗೆ ವಾಲುತ್ತದೆ. ಎಲೆಗೆ ಅದೂ ನಡೆಯುತ್ತದೆ. ಬಣ್ಣದ ಪಾತ್ರೆಗಳನ್ನು ಅಡುಗೆಗೆ ಮತ್ತೆ ಬಳಸಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅರಿಶಿನವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ನಮ್ಮವರ ಕೈ ಮೊದಲು ಅದರ ಡಬ್ಬಕ್ಕೇ ಹೋಗುತ್ತದೆ, ಬಣ್ಣವೂ ಕಣ್ಣು ಕುಕ್ಕುವಂತೆ ಏರುತ್ತದೆ. ಆದರೆ ಕಿಟಕಿಯ ಬಿಸಿಲಿಗೆ ಬೇಗ ಹಾರಿಹೋಗುತ್ತದೆ.

ಮೂರನೇ ಕುಣಿಕೆ (ಟೊರಾಂಟೊ)

ಬೀಚ್ ಎಲೆಯ ಗುಣಗಾನವನ್ನು ಒಪ್ಪುತ್ತೇನೆ, ಆದರೆ ಮೇಪಲ್ ಅನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದನ್ನು ಒಪ್ಪಲಾರೆ. 1965ರಿಂದ ಬಾವುಟದ ಮೇಲೆ ಹನ್ನೊಂದು ಮೊನೆಯ ಮೇಪಲ್ ಎಲೆಯನ್ನಿಟ್ಟುಕೊಂಡಿರುವ ದೇಶದಲ್ಲಿ ಕುಳಿತು ಅದಿಲ್ಲದ ಶರತ್ಕಾಲದ ತೋರಣ ಕಟ್ಟುವುದು ಹೇಗೆ? ಐದು ಹಾಲೆಗಳನ್ನು ಬೇರೆಬೇರೆಯಾಗಿ ಹೆಣೆದು ಬುಡದಲ್ಲಿ ಒಂದೇ ಕಡ್ಡಿಗೆ ಕೂಡಿಸಿಕೊಳ್ಳುವ ಕ್ರಮವಿದೆ; ಅದು ಅಂಗೈಯಗಲದ ಎಲೆಗೆ ಚೆನ್ನಾಗಿ ಒದಗುತ್ತದೆ. ಅದಕ್ಕಿಂತ ಚಿಕ್ಕದಾದರೆ ಮೊನೆಗಳೆಲ್ಲ ಮೊಂಡಾಗಿ ಎಲೆಯೋ ನಕ್ಷತ್ರವೋ ತಿಳಿಯದಂತಾಗುತ್ತದೆ ಎಂಬುದು ನಿಜ.

ಚಿಕ್ಕ ಮೇಪಲ್ ಎಲೆಗೆ ನಾನು ಹೆಣಿಗೆಯನ್ನು ಫೆಲ್ಟ್ ಮಾಡುತ್ತೇನೆ, ಅಂದರೆ ಬಿಸಿನೀರಿನಲ್ಲಿ ಒಗೆದು ದಪ್ಪಗೆ ಕುಗ್ಗಿಸುತ್ತೇನೆ. ಸೂಪರ್‌ವಾಶ್ (ಯಂತ್ರದಲ್ಲಿ ಒಗೆದರೂ ಕುಗ್ಗದಂತೆ ಸಂಸ್ಕರಿಸಿದ್ದು) ಎಂಬ ಗುರುತಿಲ್ಲದ ಶುದ್ಧ ಉಣ್ಣೆಯಲ್ಲಿ ದಪ್ಪ ಕಡ್ಡಿಯಿಂದ ಸಡಿಲವಾದ ಆಯತವೊಂದನ್ನು ಹೆಣೆದು, ಒಂದೆರಡು ಹಳೆಯ ಜೀನ್ಸ್ ಜೊತೆಗೆ ಯಂತ್ರದಲ್ಲಿ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು. ಉಣ್ಣೆಯ ಎಳೆಯ ಮೇಲಿನ ಹುರುಪೆಗಳು ಬಿಸಿನೀರು, ಸೋಪು ಮತ್ತು ತಿಕ್ಕಾಟಕ್ಕೆ ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ದಪ್ಪಗಾಗಿ ಕುಗ್ಗುತ್ತದೆ, ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಕುಗ್ಗುವುದರಿಂದ ಆಯತವನ್ನು ಉದ್ದವಾಗಿಯೇ ಹೆಣೆದಿರಬೇಕು. ಒಣಗಿದ ಮೇಲೆ ನಿಜವಾದ ಎಲೆಯನ್ನೇ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಬಹುದು. ಕುಣಿಕೆ ಬಿಚ್ಚಿಕೊಳ್ಳುವುದಿಲ್ಲ, ಮೊನೆ ಮೊಂಡಾಗುವುದಿಲ್ಲ.

ಕಡ್ಡಿಮಾತು (ಎಡಿನ್‌ಬರೊ)

ಕತ್ತರಿಸಿದ್ದು ಚೆಂದವೇ, ಆದರೆ ಆ ಹೊತ್ತಿಗೆ ಅದು ಹೆಣಿಗೆಯೇ ಎಂಬ ಜಗಳವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ಕುಣಿಕೆಯಲ್ಲೇ ಹಾಲೆಗಳು ಬೇಕೆನ್ನುವವರಿಗೆ ಮೇಪಲ್‌ಗಿಂತ ಇಂಗ್ಲಿಷ್ ಓಕ್ ಹತ್ತಿರದ ದಾರಿ. ಅದರ ಹಾಲೆಗಳು ದುಂಡಗಿರುವುದರಿಂದ ಎರಡೂ ಅಂಚಿಗೆ 2 ಅಥವಾ 3 ಕುಣಿಕೆ ಹೊಸದಾಗಿ ಏರಿಸಿ, ನಾಲ್ಕು ಸಾಲು ಹೆಣೆದು, ಅಷ್ಟನ್ನೇ ಮುಚ್ಚಿ, ಮತ್ತೆ ಏರಿಸುತ್ತ ಹೋದರೆ ಸಾಕು. ಉತ್ತರ ಅಮೆರಿಕದ ಕೆಂಪು ಓಕ್‌ನ ಹಾಲೆಗಳು ಮೊನಚಾಗಿರುವುದರಿಂದ ಅದಕ್ಕೆ ಈ ಉಪಾಯ ಹೊಂದುವುದಿಲ್ಲ. ಮ್ಯಾಸಚೂಸೆಟ್ಸಿನವರು ಬಿಳಿ ಓಕ್ ಹುಡುಕಿಕೊಳ್ಳಲಿ.

ಬಣ್ಣಗಟ್ಟುವ ವ್ಯವಧಾನವಿಲ್ಲದವರಿಗೊಂದು ಮಾತು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಕುರಿಗಳ ಉಣ್ಣೆ ಹುಟ್ಟಿನಿಂದಲೇ ಹಲವು ಕಂದು ಮತ್ತು ಬೂದು ಛಾಯೆಗಳಲ್ಲಿ ಬರುತ್ತದೆ, ಅದರಲ್ಲಿ ಮೂರಿಟ್ ಎಂಬ ಕೆಂಗಂದು ಒಣಗಿದ ಬೀಚ್ ಎಲೆಗೆ ಹೇಳಿ ಮಾಡಿಸಿದ್ದು. ಅಲ್ಲಿನ ಹೀದರ್ ನೂಲುಗಳಲ್ಲಿ ಬೇರೆಬೇರೆ ಬಣ್ಣದ ಉಣ್ಣೆಯನ್ನು ನೂಲುವ ಮೊದಲೇ ಬೆರೆಸಿರುವುದರಿಂದ ಒಂದೇ ಎಳೆಯಲ್ಲಿ ತುಕ್ಕು, ಹಸಿರು, ನೇರಳೆಯ ಚುಕ್ಕೆಗಳಿರುತ್ತವೆ, ಆದರೂ ದೂರದಿಂದ ಒಂದೇ ಬಣ್ಣವೆನಿಸುತ್ತದೆ. ಶೆಟ್ಲೆಂಡ್‌ನಲ್ಲಿ 2010ರಿಂದ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಉಣ್ಣೆಯ ಸಪ್ತಾಹ ನಡೆಯುತ್ತದೆ. ನಿಮ್ಮ ಕಡೆಯವರಿಗೆ ನ್ಯೂಯಾರ್ಕ್ ರಾಜ್ಯದ ರೈನ್‌ಬೆಕ್‌ನಲ್ಲಿ ಅಕ್ಟೋಬರಿನ ಮೂರನೇ ವಾರಾಂತ್ಯಕ್ಕೆ ಕುರಿ ಮತ್ತು ಉಣ್ಣೆಯ ಮೇಳವಿದೆ. ಎರಡೂ ಕಡೆ ಒಂದೇ ಎಲೆಗೆ ಸಾಕಾಗುವ ಚಿಕ್ಕ ಚಿಕ್ಕ ಲಡಿಗಳನ್ನು ಕೊಳ್ಳುವುದು ಜಾಣತನ. ತೋರಣಕ್ಕೆ ಬೇಕಿರುವುದು ಹಲವು ಬಣ್ಣಗಳ ತುಣುಕುಗಳೇ ಹೊರತು ಒಂದೇ ಬಣ್ಣದ ದೊಡ್ಡ ಉಂಡೆಯಲ್ಲ.

ಅಣಬೆಕೊಡೆ (ಶ್ಟುಟ್‌ಗಾರ್ಟ್)

ತೋರಣದ ಮಾತು ಬಹಳವಾಯಿತು. ಮೇಜಿನ ಮೇಲಿಡುವುದರ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಕಲೆ ಮತ್ತು ಕೈಕೆಲಸಕ್ಕೆ ಒತ್ತು ಕೊಡುವ ವಾಲ್ಡಾರ್ಫ್ ಪದ್ಧತಿಯ ಮೊದಲ ಶಾಲೆ 1919ರಲ್ಲಿ ಪ್ರಾರಂಭವಾದದ್ದು ಈ ಊರಿನಲ್ಲಿ. ಆ ಪದ್ಧತಿಯ ಶಿಶುವಿಹಾರಗಳಲ್ಲಿಯೂ ಅವುಗಳ ಪ್ರಭಾವದಿಂದ ಅನೇಕ ಮನೆಗಳಲ್ಲಿಯೂ ಋತುವಿನ ಮೇಜು ಎಂಬುದೊಂದು ಇರುತ್ತದೆ. ಗೋಡೆಯ ಬದಿಯ ಪುಟ್ಟ ಮೇಜಿನ ಮೇಲೆ ಬಟ್ಟೆ ಹಾಸಿ, ಮಕ್ಕಳು ಹೆಕ್ಕಿ ತಂದ ಕಾಯಿ, ಎಲೆ, ಕಲ್ಲುಗಳ ನಡುವೆ ಹೆಣೆದ ಅಥವಾ ಫೆಲ್ಟಿನ ಗೊಂಬೆಗಳನ್ನು ಕೂರಿಸುತ್ತಾರೆ. ಶರತ್ಕಾಲದ ಮೇಜು ನವೆಂಬರ್ 11ರ ಸಂತ ಮಾರ್ಟಿನನ ಲಾಂದ್ರದ ಮೆರವಣಿಗೆಯವರೆಗೆ ಹಾಗೆಯೇ ಇದ್ದು ಆಮೇಲೆ ನಿಧಾನವಾಗಿ ಚಳಿಗಾಲಕ್ಕೆ ಜಾಗ ಬಿಡುತ್ತದೆ. ಆ ಶಾಲೆಗಳಲ್ಲಿ ಒಂದನೇ ತರಗತಿಯಲ್ಲೇ ಹೆಣಿಗೆ ಕಲಿಸುವುದರಿಂದ ಮಕ್ಕಳ ಮೊದಲ ಸೊಟ್ಟ ಆಯತಗಳೂ ಅಲ್ಲಿ ಹೊಲವೋ ಹುಲ್ಲುಗಾವಲೋ ಆಗಿ ಮರ್ಯಾದೆ ಪಡೆಯುತ್ತವೆ.

ಈ ಮೇಜಿನಲ್ಲಿ ನನಗೆ ಕಲಿಯಲು ಸಿಕ್ಕಿದ್ದೆಂದರೆ ಹೆಣೆದದ್ದನ್ನೂ ಬಿದ್ದದ್ದನ್ನೂ ಬೆರೆಸುವ ಕ್ರಮ. ಕುದುರೆ ಚೆಸ್ಟ್‌ನಟ್‌ನ ಹೊಳೆಯುವ ಬೀಜವನ್ನು ಹೆಣೆಯಲು ಹೋಗಬಾರದು, ಆ ಹೊಳಪು ಉಣ್ಣೆಗೆ ಬರುವುದೇ ಇಲ್ಲ. ಆದರೆ ಅದರ ಮುಳ್ಳು ಸಿಪ್ಪೆಯನ್ನು ಹಸಿರು ನೂಲಿನಲ್ಲಿ ಅಲ್ಲಲ್ಲಿ ಗುಬುಟು ಎಬ್ಬಿಸಿ ಹೆಣೆದು, ಒಳಗೆ ನಿಜವಾದ ಬೀಜವನ್ನಿಡಬಹುದು. ಓಕ್ ಕಾಯಿಯಲ್ಲಿ ಇದರ ತಿರುವುಮುರುವು. ಒಣಗಿದ ನಿಜವಾದ ಟೋಪಿಯನ್ನು ಇಟ್ಟುಕೊಂಡು ಕಾಯಿಯನ್ನು ಮಾತ್ರ ಉಣ್ಣೆಯಲ್ಲಿ ಮಾಡಿ ಅಂಟಿಸುತ್ತಾರೆ.

ಪೂರ್ತಿ ಹೆಣೆದ ಓಕ್ ಕಾಯಿಯೇ ಬೇಕೆಂದರೆ 3 ಮಿಲಿಮೀಟರ್ ಕಡ್ಡಿಯಲ್ಲಿ ಕಂದು ನೂಲಿನ 6 ಕುಣಿಕೆ ಹಾಕಿ, ಮೊದಲ ಸಾಲಿನಲ್ಲಿ ಪ್ರತಿಯೊಂದನ್ನೂ ಎರಡು ಮಾಡಿ 12ಕ್ಕೂ, ಹಿಂಬದಿಯ ಸಾಲು ಮುಗಿಸಿ ಒಂದು ಬಿಟ್ಟೊಂದನ್ನು ಹೆಚ್ಚಿಸಿ 18ಕ್ಕೂ ಏರಿಸಿ. ಮುಂದಿನ ನಾಲ್ಕು ಸಾಲು ಮಾಸ್ ಹೆಣಿಗೆ, ಅಂದರೆ ನಿಟ್ ಮೇಲೆ ಪರ್ಲ್, ಪರ್ಲ್ ಮೇಲೆ ನಿಟ್ ಬರುವಂತೆ. ಟೋಪಿಯ ಹುರುಪೆ ಇದರಿಂದಲೇ ಮೂಡುತ್ತದೆ. ಆಮೇಲೆ ತಿಳಿಗಂದು ನೂಲಿಗೆ ಬದಲಾಗಿ, ಮೊದಲ ಸಾಲಿನಲ್ಲೇ ಮೂರು ಕಡೆ ಇಳಿಸಿ 15 ಮಾಡಿಕೊಳ್ಳಬೇಕು, ಏಕೆಂದರೆ ಕಾಯಿ ಟೋಪಿಗಿಂತ ತುಸು ತೆಳ್ಳಗಿದ್ದರೆ ಮಾತ್ರ ಟೋಪಿ ಟೋಪಿಯೆನಿಸುತ್ತದೆ. ಎಂಟು ಸಾಲು ಸ್ಟಾಕಿನೆಟ್ ಆದ ಮೇಲೆ ಮುಂಬದಿಯ ಪ್ರತಿ ಸಾಲಿನಲ್ಲಿ ಮೂರು ಮೂರು ಇಳಿಸುತ್ತ 12, 9, 6 ಆದಾಗ ನೂಲನ್ನು ಕುಣಿಕೆಗಳೊಳಗಿಂದ ಹಾಯಿಸಿ ಬಿಗಿದು, ಪಕ್ಕ ಹೊಲಿದು, ಮುಚ್ಚುವ ಮುನ್ನ ತುಂಬಬೇಕು. ಗೊಂಬೆ ಜಾತಿಯ ಎಲ್ಲ ಹೆಣಿಗೆಗೂ ನೂಲಿನ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಸಣ್ಣ ಕಡ್ಡಿ ಬೇಕು, ಇಲ್ಲವಾದರೆ ಕುಣಿಕೆಗಳ ಸಂದಿಯಲ್ಲಿ ಬಿಳಿಯ ಹತ್ತಿ ಇಣುಕುತ್ತದೆ. ಗಾಢ ಬಣ್ಣದ ಕಾಯಿಗೆ ಅದೇ ಬಣ್ಣದ ನೂಲಿನ ಚೂರುಗಳನ್ನೇ ತುಂಬುವುದು ಇನ್ನೂ ಒಳ್ಳೆಯದು.

ಬಿಳಿ ಚುಕ್ಕೆಯ ಕೆಂಪು ಅಣಬೆಯನ್ನೂ ಇಲ್ಲಿ ಬಹಳ ಹೆಣೆಯುತ್ತಾರೆ. ಅದು ವಿಷಕಾರಿ, ಆದರೂ ಜರ್ಮನರಿಗೆ ಅದೃಷ್ಟದ ಗುರುತು. ನನಗೆ ವೈಯಕ್ತಿಕವಾಗಿ ಅದು ಅತಿಯಾಯಿತೆನಿಸುತ್ತದೆ.

ಚೀನಿಕಾಯಿ (ಮೈಸೂರು)

ಅಣಬೆಕೊಡೆಯವರ ಮೇಜಿನ ವರ್ಣನೆ ಓದುವಾಗ ನಮ್ಮ ನವರಾತ್ರಿಯ ಬೊಂಬೆಗಳ ಮೆಟ್ಟಿಲು ನೆನಪಾಗದೆ ಇರಲಿಲ್ಲ. ಅದೂ ಶರದೃತುವಿನದೇ. ಪಟ್ಟದ ಬೊಂಬೆಗಳ ಕೆಳಗೆ ಅಂಗಡಿ ಹಾಕಿ ಕೂರುವ ಶೆಟ್ಟಿ ಮತ್ತು ಶೆಟ್ಟಮ್ಮನ ಮುಂದೆ ಧಾನ್ಯಗಳ ಜೊತೆಗೆ ನಾನು ಹೆಣೆದ ಪುಟ್ಟ ಸಿಹಿಗುಂಬಳ, ಬದನೆ, ಬೂದುಗುಂಬಳಗಳನ್ನೂ ಇಡುತ್ತೇನೆ, ಮಕ್ಕಳು ಮೊದಲು ಕೈಹಾಕುವುದು ಅವಕ್ಕೇ.

ಕುಂಬಳ ನಿಜಕ್ಕೂ ಸುಲಭ. ಸುತ್ತು ಹೆಣಿಗೆಯಲ್ಲಿ 40 ಕುಣಿಕೆ ಹಾಕಿ, ನಾಲ್ಕು ನಿಟ್ ಒಂದು ಪರ್ಲ್ ಕ್ರಮದಲ್ಲಿ ಸುಮಾರು ಎಂಟು ಸೆಂಟಿಮೀಟರ್ ಎತ್ತರದ ಕೊಳವೆ ಹೆಣೆಯಿರಿ. ಕೆಳಬಾಯಿಗೆ ದಾರ ಪೋಣಿಸಿ ಬಿಗಿದು ಮುಚ್ಚಿ, ತುಂಬಿ, ಮೇಲ್ಬಾಯಿಯನ್ನೂ ಮುಚ್ಚಿರಿ. ಆಮೇಲೆ ಉದ್ದ ಸೂಜಿಯಲ್ಲಿ ಗಟ್ಟಿ ನೂಲು ಪೋಣಿಸಿ, ತಳದ ನಡುವಿನಿಂದ ಹೊರಟು ಒಂದೊಂದು ಪರ್ಲ್ ಸಾಲಿನ ಗುಂಟ ಹೊರಗಿನಿಂದ ಮೇಲಕ್ಕೆ ತಂದು, ನೆತ್ತಿಯ ನಡುವಿನಿಂದ ಒಳಗೇ ತಳಕ್ಕೆ ಇಳಿಸಿ ಎಳೆಯಬೇಕು. ಎಂಟು ಬಾರಿ ಹೀಗೆ ಎಳೆದಾಗ ಎಂಟು ಹೋಳುಗಳು ಉಬ್ಬಿ, ಚೆಂಡಿನ ಆಕಾರ ತಗ್ಗಿ, ಕುಂಬಳದ ಗತ್ತು ಬರುತ್ತದೆ. ಎಳೆತ ಎಲ್ಲ ಕಡೆ ಒಂದೇ ಸಮವಿರಬಾರದೆಂಬುದು ನನ್ನ ಅಭಿಪ್ರಾಯ. ಹೊಲದಲ್ಲಿ ಮಲಗಿ ಬೆಳೆದ ಕಾಯಿ ಒಂದು ಮಗ್ಗುಲಿಗೆ ಚಪ್ಪಟೆಯಾಗಿಯೇ ಇರುತ್ತದೆ. ತೊಟ್ಟಿಗೆ ಕಡ್ಡಿಮಾತು ಅವರು ಹೇಳಿದ ಹುರಿಯೇ ಸಾಕು, 4 ಕುಣಿಕೆಯದು. ತುಂಬಲು ಬೂರುಗದ ಹತ್ತಿ ಹಗುರವಾಗಿ ಚೆನ್ನಾಗಿರುತ್ತದೆ. ಭಾರಕ್ಕೆಂದು ಅಕ್ಕಿ, ಬೇಳೆ ಹಾಕುವವರಿದ್ದಾರೆ; ನಮ್ಮ ಹವೆಗೆ ಹುಳ ಬೀಳುವುದರಿಂದ ತೊಳೆದು ಒಣಗಿಸಿದ ಸಣ್ಣ ಬೆಣಚುಕಲ್ಲುಗಳನ್ನು ಬಟ್ಟೆಯಲ್ಲಿ ಕಟ್ಟಿ ತಳದಲ್ಲಿಡುವುದು ಮೇಲು.

ಒಂದು ವ್ಯತ್ಯಾಸವನ್ನು ಹೇಳಿಬಿಡುತ್ತೇನೆ. ಇಲ್ಲಿ ಶರದೃತುವೆಂದರೆ ಮಳೆ ಮುಗಿದು ಎಲ್ಲವೂ ಹಸಿರಾಗಿರುವ ಕಾಲ, ಎಲೆ ಉದುರುವುದು ಶಿಶಿರದಲ್ಲಿ. ನನ್ನ ಮನೆಯ ಕಿಟಕಿಗೆ ಎಲೆಯ ತೋರಣ ಕಟ್ಟುವುದಾದರೆ ಜನವರಿಗೇ ಕಟ್ಟಬೇಕು, ಅದೂ ಉದುರುವ ಮುನ್ನ ಕೆಂಪಾಗುವ ಕಾಡುಬಾದಾಮಿಯ ಎಲೆಯನ್ನು. ಅದರ ಎಲೆ ತೊಟ್ಟಿನ ಕಡೆ ಕಿರಿದಾಗಿ ತುದಿಯ ಕಡೆ ಅಗಲವಾಗಿರುವುದರಿಂದ ಬೀಚ್ ಎಲೆಯ ಲೆಕ್ಕದಲ್ಲೇ ಏರಿಕೆಯನ್ನು ನಾಲ್ಕು ಸಾಲಿಗೊಮ್ಮೆ ನಿಧಾನ ಮಾಡಿ, ಇಳಿಕೆಯನ್ನು ಮೊದಲಿನಂತೆಯೇ ಚುರುಕಾಗಿ ಇಟ್ಟರೆ ಆಕಾರ ಸಿಗುತ್ತದೆ.

ಸಂಜೆಹೆಣಿಗೆ (ಧಾರವಾಡ)

ಎಲೆ ಬಿಗುವಾಗಿ ನಿಲ್ಲಬೇಕೆನ್ನುವವರಿಗೆ ಒಂದು ಸಲಹೆ. ನಮ್ಮ ಕುರುಬರು ಕಂಬಳಿಯ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಸಿಪ್ಪೆ ತೆಗೆದ ಬೀಜದ ಪುಡಿಯನ್ನು ನೀರಿನಲ್ಲಿ ಕುದಿಸಿ ತೆಳ್ಳಗೆ ಮಾಡಿಕೊಂಡು, ಎಲೆಯ ಹಿಂಬದಿಗೆ ಮಾತ್ರ ಕುಂಚದಿಂದ ಸವರಿ, ಹರಡಿ ಒಣಗಿಸಿದರೆ ಎಲೆ ಗಟ್ಟಿಯಾಗಿ ನಿಲ್ಲುತ್ತದೆ, ಬೇಡವಾದಾಗ ಬಿಸಿನೀರಿನಲ್ಲಿ ತೊಳೆದು ತೆಗೆಯಲೂಬಹುದು. ತೇವವಿರುವ ಕಡೆ ಬೂಷ್ಟು ಹಿಡಿಯುವುದರಿಂದ ಕರಾವಳಿಯವರು ಇದನ್ನು ಬಿಡುವುದು ಲೇಸು. ಕಂಬಳಿಯ ಕೈನೂಲು ಸಿಕ್ಕಿದರೆ ಅದನ್ನು ತೊಟ್ಟಿಗೂ ಓಕ್ ಕಾಯಿಯ ಟೋಪಿಗೂ ಬಳಸಿ ನೋಡಿ. ದಖನಿ ಕುರಿಯ ಉಣ್ಣೆ ಮೈಗೆ ಚುಚ್ಚುವಷ್ಟು ಒರಟು, ಆದ್ದರಿಂದಲೇ ಅದು ಮರದ ಭಾಗವಾಗಿ ಕಾಣುತ್ತದೆ.

ಉಣ್ಣೆಯುಂಡೆ (ಮ್ಯಾಸಚೂಸೆಟ್ಸ್)

ಎಲ್ಲರಿಗೂ ಕೃತಜ್ಞತೆಗಳು. ಬೀಚ್ ಎಲೆಯನ್ನು ಗಾರ್ಟರ್‌ನಲ್ಲಿ ಹೆಣೆದೆ, ಸೂಜಿ ಚುಚ್ಚದೆಯೇ ಚಪ್ಪಟೆಯಾಗಿ ಕೂತಿತು. ಈರುಳ್ಳಿ ಸಿಪ್ಪೆಯ ಮೂರು ಛಾಯೆಗಳು ಒಣಗುತ್ತಿವೆ. ಮೂರನೆಯದು ನಾನು ಎಣಿಸಿದ್ದಕ್ಕಿಂತ ಹೆಚ್ಚು ಹಿಡಿಸಿದೆ, ಬರ್ಚ್ ಎಲೆಯದೇ ಬಣ್ಣ. ಇನ್ನು ಉಳಿದಿರುವುದು ಎರಡು ಪ್ರಶ್ನೆ. ಮನೆಯಲ್ಲಿ ಎರಡು ವರ್ಷದ ಮಗುವಿದೆ, ಬಟ್ಟಲಿನ ಓಕ್ ಕಾಯಿ ಎಷ್ಟು ದೊಡ್ಡದಿರಬೇಕು? ಮತ್ತು ನವೆಂಬರಿನ ನಂತರ ಇವನ್ನೆಲ್ಲ ಎತ್ತಿಡುವುದು ಹೇಗೆ?

ಅಣಬೆಕೊಡೆ (ಶ್ಟುಟ್‌ಗಾರ್ಟ್)

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ಒಳವ್ಯಾಸ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಇಳಿದುಹೋಗುವ ವಸ್ತು ಗಂಟಲಿಗೆ ಅಪಾಯಕಾರಿ ಎಂದು ಲೆಕ್ಕ. ನಾನು ಹೇಳಿದ ಕಾಯಿಯ ದಪ್ಪ ಸುಮಾರು ಎರಡು ಸೆಂಟಿಮೀಟರ್ ಅಷ್ಟೇ, ಮೆತ್ತಗೂ ಇರುತ್ತದೆ, ಆದ್ದರಿಂದ ಈ ವರ್ಷ ಅದು ಬಟ್ಟಲಿನಲ್ಲಿ ಬೇಡ, ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ ತೋರಣಕ್ಕೆ ಹೊಲಿದುಬಿಡಿ. ಅಂಟಿಸಿದ ನಿಜವಾದ ಟೋಪಿಗಳೂ ಕುದುರೆ ಚೆಸ್ಟ್‌ನಟ್‌ನ ಬೀಜಗಳೂ ಬೇಡವೇ ಬೇಡ. ಆ ಬೀಜ ತಿನ್ನಲು ಯೋಗ್ಯವಲ್ಲ. ಕುಂಬಳಗಳನ್ನು ಬಟ್ಟಲಿಗೆ ಇಡಬಹುದು, ಕಲ್ಲಿಲ್ಲದೆ.

ಬಣ್ಣದ ಬಾಣಲೆ (ವರ್ಮಾಂಟ್)

ಎತ್ತಿಡುವ ಮುನ್ನ ಒಮ್ಮೆ ಹೊರಗೆ ಕೊಡವಿ, ಗಂಜಿ ಹಾಕಿದ್ದರೆ ತೊಳೆದು, ಪೂರ್ತಿ ಒಣಗಿಸಿ. ಉಣ್ಣೆಯನ್ನು ತಿನ್ನುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು. ಬೆವರು ಮತ್ತು ಎಣ್ಣೆಯ ಅಂಶವಿರುವ ಉಣ್ಣೆ ಅದಕ್ಕೆ ಇನ್ನೂ ಇಷ್ಟ. ಮುಚ್ಚಳ ಭದ್ರವಾಗಿರುವ ಡಬ್ಬಿ ಸಾಕು. ಅನುಮಾನವಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು ಆಮೇಲೆ ಡಬ್ಬಿಗೆ ಹಾಕಿ. ತೋರಣವನ್ನು ಮಡಿಸಬೇಡಿ, ರಟ್ಟಿನ ಕೊಳವೆಗೆ ಸುತ್ತಿಡಿ, ಇಲ್ಲವಾದರೆ ಮುಂದಿನ ಸೆಪ್ಟೆಂಬರಿನಲ್ಲಿ ತೊಟ್ಟುಗಳ ಸಿಕ್ಕು ಬಿಡಿಸುವುದೇ ಒಂದು ಕೆಲಸವಾಗುತ್ತದೆ. ಕಟ್ಟುವ ಹುರಿ ಯಾವುದು ಎಂದು ನೀವು ಕೇಳಲಿಲ್ಲ. ಉಣ್ಣೆಯ ಹುರಿ ಭಾರಕ್ಕೆ ಜಗ್ಗುತ್ತದೆ; ಹತ್ತಿ ಅಥವಾ ಸೆಣಬಿನದನ್ನು ಬಳಸಿ, ಪ್ರತಿ ತೊಟ್ಟನ್ನೂ ಗಂಟು ಹಾಕುವ ಬದಲು ಹೊಲಿದು ನಿಲ್ಲಿಸಿ.

ಮೂರನೇ ಕುಣಿಕೆ (ಟೊರಾಂಟೊ)

ಹೊಲಿಯುವಾಗ ಎಲೆಗಳ ನಡುವಿನ ಅಂತರವನ್ನು ಅಳತೆಪಟ್ಟಿ ಹಿಡಿದು ಸಮ ಮಾಡಬೇಡಿ. ಮೂರು ಒಟ್ಟಿಗೆ, ಒಂದು ಒಂಟಿ, ಆಮೇಲೆ ಎರಡು ಬಂದರೆ ಸಾಕು. ಮತ್ತು ಫೆಲ್ಟಿನ ಮೇಪಲ್ ಎಲೆ ಒಂದನ್ನಾದರೂ ನಡುವೆ ಸೇರಿಸಿ; ಎಡಿನ್‌ಬರೊದವರನ್ನು ನಾನು ಸಮಾಧಾನಪಡಿಸುತ್ತೇನೆ.